ಬಾಯಿ ಮೂಸುವ ಪೀರಿಯಡ್ಡು

ನನಗೊಂದು ಅಭ್ಯಾಸವಿದೆ. ಯಾವ ವಸ್ತು ಕೈಗೆ ಬಂದರೂ ಮೊದಲು ಮೂಗಿನ ಹತ್ತಿರ ಹಿಡಿದು ಮೂಸುತ್ತೇನೆ. ಕರಬೂಜದ ಹಣ್ಣನ್ನೋ ಹಲಸಿನ ತೊಳೆಯನ್ನೋ ಮೂಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ನಾನು ದಿನಪತ್ರಿಕೆ ಮೂಸುತ್ತೇನೆ, ಹೊಸ ಚಪ್ಪಲಿ ಮೂಸುತ್ತೇನೆ, ಪೋಸ್ಟಾಫೀಸಿನಲ್ಲಿ ದಾರ ಕಟ್ಟಿಟ್ಟ ಪೆನ್ನನ್ನೂ ಮೂಸುತ್ತೇನೆ. ಮೊನ್ನೆ ಬೀಗರ ಮನೆಯಲ್ಲಿ ಕೈ ಒರೆಸಲು ಕೊಟ್ಟ ಟವೆಲ್ಲನ್ನು ಅವರ ಎದುರಿಗೇ ಮೂಸಿಬಿಟ್ಟೆ. ಬೀಗಿತ್ತಿಯ ಮುಖ ಕಪ್ಪಿಟ್ಟಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ದಾರಿಯುದ್ದಕ್ಕೂ ಬೈದಳು. "ಹೋದ ಜನ್ಮದಲ್ಲಿ ಅದೇನಾಗಿ ಹುಟ್ಟಿದ್ರೋ! ಮೂಸ್ದೆ ಒಂದು ವಸ್ತುನೂ ಮುಟ್ಟಲ್ವಲ್ರೀ ನೀವು!"

ಹೋದ ಜನ್ಮದವರೆಗೆ ಹೋಗಬೇಕಾಗಿಲ್ಲ. ಇದು ಈ ಜನ್ಮದ್ದೇ. ಶಿರಾದ ಹೈಸ್ಕೂಲಿನಲ್ಲಿ ಅಂಟಿಕೊಂಡಿದ್ದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ದಿನಗಳಲ್ಲಿ ನಮಗೆ ಗಣಿತದ ಪೀರಿಯಡ್ಡು, ವಿಜ್ಞಾನದ ಪೀರಿಯಡ್ಡು ಇದ್ದ ಹಾಗೆ ಬಾಯಿ ಮೂಸುವ ಪೀರಿಯಡ್ಡೂ ಒಂದಿತ್ತು. ವೇಳಾಪಟ್ಟಿಯಲ್ಲಿ ಬರೆದಿರಲಿಲ್ಲ, ಅಷ್ಟೆ. ಮಿಕ್ಕ ಪೀರಿಯಡ್ಡುಗಳಲ್ಲಿ ಕಲಿತದ್ದೆಲ್ಲ ಮರೆತುಹೋಗಿ ಇದೊಂದೇ ಉಳಿದುಕೊಂಡಿದೆ ನೋಡಿ.

ಇದನ್ನು ಹೇಳುವ ಮೊದಲು ಆಗಿನ ಹೊಗೆಯ ವಿಷಯ ಹೇಳಬೇಕು. ಆಗ ಬೀಡಿ ಸೇದದ ಗಂಡಸನ್ನು ದುಡ್ಡು ಕೊಟ್ಟು ಹುಡುಕಿಸಬೇಕಾಗಿತ್ತು. ಕಂಡಕ್ಟರು ಟಿಕೆಟ್ಟಿನ ಕಟ್ಟು ಹಿಡಿದ ಬೆರಳುಗಳ ಸಂದಿಯಲ್ಲೇ ಬೀಡಿ ಸಿಕ್ಕಿಸಿಕೊಂಡು ಬಸ್ಸಿನ ತುಂಬ ಓಡಾಡುತ್ತಿದ್ದ. ಆಸ್ಪತ್ರೆಯ ಕಾಂಪೌಂಡರು ಅದನ್ನು ತುಟಿಯ ಮೂಲೆಗೆ ಸರಿಸಿ, "ಉಸಿರು ಬಿಗಿ ಹಿಡಿ" ಎಂದು ಸೂಜಿ ಚುಚ್ಚುತ್ತಿದ್ದರು. ನಮ್ಮದು ಕುರಿ ಸಾಕುವ ಮನೆ. ನನ್ನ ತಾತ ಬೀಡಿ ಹಚ್ಚಿದರೆ ಇಡೀ ಮಂದೆ ತಲೆಯೆತ್ತಿ ಅವನ ಕಡೆ ನೋಡುತ್ತಿತ್ತು, ಇನ್ನು ಹೊರಡುವ ಹೊತ್ತಾಯಿತು ಎಂದು. ಅಜ್ಜಿ ಮಾತ್ರ ಸೇದುತ್ತಿರಲಿಲ್ಲ. ಅವಳು ಹೊಗೆಸೊಪ್ಪು ಅಗಿಯುತ್ತಿದ್ದಳು.

ಸ್ಕೂಲೂ ಹಾಗೆಯೇ ಇತ್ತು. ಸ್ಟಾಫ್ ರೂಮಿನ ಕಿಟಕಿಯಿಂದ ಅಡುಗೆಮನೆಯ ಗವಾಕ್ಷಿಯಂತೆ ಹೊಗೆ ಏಳುತ್ತಿತ್ತು. ಗಣಿತದ ಮಾಸ್ತರು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದು, ಬಾಗಿಲಲ್ಲಿ ನಿಂತು ಸಿಗರೇಟು ಹಚ್ಚಿ, "ಇದು ಆರೋದ್ರೊಳಗೆ ಉತ್ತರ ಬರ್ಬೇಕು" ಎನ್ನುತ್ತಿದ್ದರು. ಕಷ್ಟದ ಲೆಕ್ಕಕ್ಕೆ ಉದ್ದನೆಯ ಸಿಗರೇಟು. ಅಂಗಡಿಗೆ ಓಡಿಹೋಗಿ ಮಾಸ್ತರುಗಳಿಗೆ ಬೀಡಿ, ಬೆಂಕಿಪೊಟ್ಟಣ ತರುವ ಕೆಲಸ ಕ್ಲಾಸಿನ ಜಾಣ ಹುಡುಗರಿಗೆ ಮೀಸಲು. ನನ್ನನ್ನು ಒಮ್ಮೆಯೂ ಕಳಿಸದಿದ್ದದ್ದರಿಂದ ನನ್ನ ಬುದ್ಧಿಮಟ್ಟ ಎಲ್ಲಿತ್ತೆಂದು ನೀವು ಊಹಿಸಿಕೊಳ್ಳಬಹುದು.

ಇಂಥಲ್ಲಿಗೆ ಮಧುಗಿರಿಯಿಂದ ವರ್ಗವಾಗಿ ಹೊಸ ಹೆಡ್‌ಮಾಸ್ತರು ಬಂದರು. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಬಿಳಿ ಷರ್ಟಿನೊಳಗೆ ಅವರನ್ನೂ ಸೇರಿಸಿಯೇ ಇಸ್ತ್ರಿ ಮಾಡಿದ್ದಾರೇನೋ ಎನ್ನುವಂತಿದ್ದರು. ಕಾಫಿ ಕುಡಿಯುವವರಲ್ಲ, ಎಲೆಯಡಿಕೆ ಹಾಕುವವರಲ್ಲ. ಬಂದ ವಾರವೇ ಸ್ಕೂಲಿನ ತೋಟದ ಪಾತಿಯಲ್ಲಿ ಬೀಡಿ ತುಂಡು ಕಂಡಿತಂತೆ. ಮರುದಿನ ಪ್ರಾರ್ಥನೆಯಾದ ಮೇಲೆ ನಮ್ಮನ್ನು ಬಿಸಿಲಲ್ಲೇ ನಿಲ್ಲಿಸಿ ಭಾಷಣ ಮಾಡಿದರು.

"ಕೆಲವು ವಿದ್ಯಾರ್ಥಿಗಳು ಇಂಟರ್‌ವಲ್ ಹೊತ್ತಿನಲ್ಲಿ ಕಾಂಪೌಂಡಿನ ಹಿಂದೆ, ಹುಣಸೆಮರದ ಮರೆಯಲ್ಲಿ ಬೀಡಿ ಸೇದ್ತಾರೆ ಅಂತ ನನಗೆ ಗೊತ್ತಾಗಿದೆ. ಹೊಗೆ ಕಾಣದ ಹಾಗೆ ಎರಡೂ ಅಂಗೈ ಮುಚ್ಚಿ ಸೇದ್ತಾರಂತೆ. ಆಮೇಲೆ ವಾಸನೆ ಬರಬಾರದು ಅಂತ ಸೀಬೆ ಎಲೆ ಅಗೀತಾರಂತೆ. ಇನ್ನು ಮೇಲೆ ಅಂಥವರು ಸಿಕ್ಕಿದರೆ ಟಿ.ಸಿ. ಕೊಟ್ಟು ಮನೆಗೆ ಕಳಿಸ್ತೀನಿ!"

ಸೇದುವ ಜಾಗ, ಸೇದುವ ಹೊತ್ತು, ಸೇದುವ ಕ್ರಮ, ಆಮೇಲೆ ಮಾಡಿಕೊಳ್ಳಬೇಕಾದ ಉಪಾಯ. ಇಷ್ಟು ಸ್ಪಷ್ಟವಾದ ಪಾಠವನ್ನು ನಮಗೆ ಅದುವರೆಗೆ ಯಾರೂ ಮಾಡಿರಲಿಲ್ಲ. ಹುಣಸೆಮರದ ಹಿಂದೆ ಅಷ್ಟು ಅನುಕೂಲವಾದ ಜಾಗವಿದೆಯೆಂದು ಬಹಳ ಜನಕ್ಕೆ ತಿಳಿದದ್ದೇ ಆವತ್ತು. ಇಂಟರ್‌ವಲ್ಲಿನಲ್ಲಿ ಹೋಗಿ ನೋಡಿದರೆ ಅಲ್ಲಿ ಸಂತೆಯಂತೆ ಜನ. ಆ ತಿಂಗಳು ಮುಗಿಯುವುದರೊಳಗೆ ಸ್ಕೂಲಿನ ಸೀಬೆಗಿಡ ಬೋಳಾಯಿತು.

ನಾನೂ ಹೋದೆ, ಸುಳ್ಳು ಹೇಳುವುದೇಕೆ? ನನಗೆ ಬೀಡಿ ಕೊಟ್ಟವನು ಓಬಳೇಶ. ಪಾವಗಡದ ಕಡೆಯ ಹಳ್ಳಿಯವನು, ಶಿರಾದಲ್ಲಿ ಹಾಸ್ಟೆಲ್ಲಿನಲ್ಲಿದ್ದ. ಹತ್ತನೇ ಕ್ಲಾಸಿನಲ್ಲಿ ಒಂದು ಸಲ ಕೂತೆದ್ದು, ಮತ್ತೆ ಕೂತು ಅನುಭವ ಪಡೆದಿದ್ದವನು. ಮೀಸೆ ಬಂದಿತ್ತು. ಅರ್ಧ ತೆಲುಗು, ಅರ್ಧ ಕನ್ನಡ. ಭಾಷಣಕ್ಕೆ ಮುಂಚೆ ಹುಣಸೆಮರದ ಹಿಂದೆ ಇದ್ದದ್ದು ಅವನು ಮತ್ತು ಅವನ ಒಂದಿಬ್ಬರು ಶಿಷ್ಯರು ಮಾತ್ರ. ನಾನು ಒಂದು ದಮ್ಮು ಎಳೆದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಕೆಮ್ಮಿ ಕೆಮ್ಮಿ ಹುಣಸೆಮರವನ್ನೇ ತಬ್ಬಿಕೊಂಡೆ. ಓಬಳೇಶ ನನ್ನ ಬೆನ್ನಿಗೆ ಗುದ್ದುತ್ತಾ, "ಬುಡ್ರಾ ಈರಾ, ನಿಂಗ್ಯಾಕಿದು? ಕುರಿ ಕೂಡ ನಿನ್ನಂಗೆ ಕೆಮ್ಮಲ್ಲ ಕಣ್ರಾ" ಎಂದ. ನನ್ನ ಧೂಮಪಾನ ಅಲ್ಲಿಗೆ ಮುಗಿಯಿತು. ನೋಡುವುದಕ್ಕೆ ಮಾತ್ರ ದಿನಾ ಹೋಗುತ್ತಿದ್ದೆ.

ನನ್ನ ಬೆಂಚಿನ ಗೆಳೆಯ ದಸ್ತಗೀರ ಅದನ್ನು ನೋಡಲೂ ಬರುತ್ತಿರಲಿಲ್ಲ. ಅವರಪ್ಪ ಪಾತ್ರೆಗಳಿಗೆ ಕಲಾಯಿ ಹಾಕುವವರು, ಊರೂರು ತಿರುಗುತ್ತಿದ್ದರು. ಅವನಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಬೆಳಿಗ್ಗೆ ಎದ್ದು ಎಲೆ ಕತ್ತರಿಸಿ, ತಂಬಾಕಿನ ಪುಡಿ ಜರಡಿ ಹಿಡಿದು ಕೊಟ್ಟು ಸ್ಕೂಲಿಗೆ ಬರುವುದು ದಸ್ತಗೀರನ ಕೆಲಸ. "ಮನೆ ತುಂಬಾ ಅದೇ ಇರ್ತದೆ ಕಣೋ. ಅದನ್ನ ಸುಟ್ಟು ಬೇರೆ ಒಳಗೆ ಎಳ್ಕೋಬೇಕಾ? ಥೂ!" ಎನ್ನುತ್ತಿದ್ದ. ಓದುವುದರಲ್ಲಿ ಗಟ್ಟಿಗ. ಅವನ ಪಕ್ಕ ಕೂತದ್ದರಿಂದಲೇ ನಾನು ಹತ್ತನೇ ಕ್ಲಾಸಿನವರೆಗೆ ಬಂದಿದ್ದೆ.

ಹುಣಸೆಮರದ ಹಿಂದಿನ ಜನಸಂದಣಿ ಹೆಡ್‌ಮಾಸ್ತರ ಕಿವಿಗೆ ಬಿತ್ತು. ಇನ್ನು ಮೇಲೆ ದಿನಾ ಪ್ರಾರ್ಥನೆಯಾದ ಮೇಲೆ ಗಂಡುಹುಡುಗರ ಬಾಯಿ ಮೂಸತಕ್ಕದ್ದು ಎಂದು ಆಜ್ಞೆ ಮಾಡಿದರು. ಮೂಸುವ ಕೆಲಸ ಡ್ರಿಲ್ ಮಾಸ್ತರಿಗೆ ಬಿತ್ತು. ಅವರು ಮೊದಲನೆಯವನ ಮುಂದೆ ನಿಂತು "ಊದು" ಎಂದರು. ಊದಿದ. "ಸೇದಿದೀಯ." ಎರಡನೆಯವನು ಊದಿದ. "ನೀನೂ ಸೇದಿದೀಯ." ಹೀಗೆ ಸಾಲು ಪೂರ್ತಿ ಸೇದಿದವರೇ. ಆವತ್ತು ರೋಜಾ ಇದ್ದು, ಉಗುಳನ್ನೂ ನುಂಗದೆ ಬಂದಿದ್ದ ದಸ್ತಗೀರನೂ ಸೇದಿದವನೇ. ನನ್ನ ಸರದಿ ಬಂದಾಗ ಮಾತ್ರ ಅವರು ದೂರದಲ್ಲೇ ನಿಂತು, ಮುಖ ಕಿವಿಚಿ, "ಕುರಿ ರೊಪ್ಪದಿಂದ ನೇರ ಬಂದ್ಬುಟ್ಟೇನ್ಲಾ? ಹೋಗ್ ಹೋಗು" ಎಂದು ಮುಂದೆ ಸಾಗಿದರು. ಇಡೀ ಸ್ಕೂಲಿನಲ್ಲಿ ಆ ದಿನ ಪಾಸಾದವನು ನಾನೊಬ್ಬನೇ.

"ಎಲ್ಲರೂನಾ?" ಎಂದು ಹೆಡ್‌ಮಾಸ್ತರು ಗಾಬರಿಯಾಗಿ ಕೇಳಿದರು.

"ಎಲ್ಲಾರೂ ಸಾರ್. ಮೂಗಿಗೆ ಹೊಡೀತಾ ಐತೆ!"

ಹೆಡ್‌ಮಾಸ್ತರು ಅವರ ಹತ್ತಿರ ಬಂದರು. ಬಗ್ಗಿದರು. ಡ್ರಿಲ್ ಮಾಸ್ತರ ದಪ್ಪ ಮೀಸೆ ವರ್ಷಗಟ್ಟಲೆ ಬೀಡಿಯ ಹೊಗೆ ಕುಡಿದು ಕಂದುಬಣ್ಣಕ್ಕೆ ತಿರುಗಿತ್ತು. ಮೂಗಿನ ಕೆಳಗೇ ಬೀಡಿಯ ಗೋಡೌನು ಇಟ್ಟುಕೊಂಡವರಿಗೆ ಬೇರೆ ಇನ್ನೇನು ವಾಸನೆ ಬಂದೀತು? ಹೆಡ್‌ಮಾಸ್ತರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ಮರುದಿನದಿಂದ ಕೆಲಸ ಕನ್ನಡ ಪಂಡಿತರಿಗೆ ಬಂತು.

ಪಂಡಿತರು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯವರು. ಕಚ್ಚೆಪಂಚೆ, ಮುಚ್ಚು ಕಾಲರಿನ ಕೋಟು. ಪಾಠದಲ್ಲಿ ಸಂಪಿಗೆ, ಕೇದಗೆ, ಸುರಗಿ ಬಂದರೆ ಕಣ್ಣುಮುಚ್ಚಿ ಅದರ ಪರಿಮಳವನ್ನು ವರ್ಣಿಸುತ್ತಿದ್ದರು. ಕೊನೆಯ ಬೆಂಚಿನವರೂ ಮೂಗರಳಿಸುತ್ತಿದ್ದೆವು. ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಅದಕ್ಕೇ ಹೆಡ್‌ಮಾಸ್ತರು ಅವರನ್ನು ಆರಿಸಿದ್ದು. ಆದರೆ ಅವರು ನಶ್ಯ ಏರಿಸುತ್ತಿದ್ದರು ಎಂಬುದನ್ನು ಹೆಡ್‌ಮಾಸ್ತರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೋಟಿನ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಎರಡು ಬೆರಳಲ್ಲಿ ಚಿಟಿಕೆ ಹಿಡಿದು, ಒಂದೊಂದೇ ಹೊಳ್ಳೆಗೆ ಸರ್ರೆಂದು ಎಳೆದರೆ ಅವರಿಗೆ ಮುಂದಿನ ಪದ್ಯಕ್ಕೆ ಬೇಕಾದ ಉಸಿರು ಬರುತ್ತಿತ್ತು. ಎಷ್ಟೋ ವರ್ಷದ ನಶ್ಯ. ಅವರ ಮೂಗು ಮುಖದ ಅಲಂಕಾರಕ್ಕೆ ಇತ್ತೇ ಹೊರತು ವಾಸನೆಯೆಂಬುದು ಅದಕ್ಕೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ.

ಇದು ನಮಗೆ ಮೊದಲು ಗೊತ್ತಿರಲಿಲ್ಲ. ಪಂಡಿತರು ಸಾಲಿನುದ್ದಕ್ಕೂ ಬಂದು, "ಊದಪ್ಪಾ" ಎನ್ನುವರು. ಊದಿದವನ ಮುಖವನ್ನೇ ನೋಡುವರು. ಕೈ ನಡುಗುವವರನ್ನು, ಕಣ್ಣು ಪಿಳಿಪಿಳಿ ಬಿಡುವವರನ್ನು ಪಕ್ಕಕ್ಕೆ ನಿಲ್ಲಿಸಿ ಅಂಗೈಗೆ ಬೆತ್ತದಲ್ಲಿ ಎರಡೇಟು ಕೊಡುವರು. ನಡುಗುತ್ತಿದ್ದವರು ಯಾರು? ಬೀಡಿಯನ್ನು ಕಣ್ಣಲ್ಲೂ ನೋಡದ ಪುಕ್ಕಲರು. ಓಬಳೇಶ ಹುಣಸೆಮರದಿಂದ ನೇರವಾಗಿ ಬಂದು, ಎದೆ ಸೆಟೆಸಿ, ಹೋಮಕುಂಡದಂತೆ ಊದಿ ಆರಾಮವಾಗಿ ಹೋಗುತ್ತಿದ್ದ. ನಮ್ಮ ಕ್ಲಾಸಿನ ಒಬ್ಬ ಸಾಧು ಹುಡುಗ ಸುಮ್ಮಸುಮ್ಮನೆ ಏಟು ತಿಂದು ತಿಂದು ಬೇಸತ್ತು, "ತಿನ್ನೋ ಏಟು ತಿಂತಾನೇ ಇದೀನಿ, ಸೇದೇ ತಿಂತೀನಿ" ಎಂದು ಬೀಡಿ ಹಿಡಿದ. ಹಿಡಿದ ಮೇಲೆ ಧೈರ್ಯ ಬಂತು. ಧೈರ್ಯ ಬಂದ ಮೇಲೆ ನಡುಕ ಹೋಯಿತು. ನಡುಕ ಹೋದ ಮೇಲೆ ಏಟೂ ನಿಂತಿತು. ಇದಕ್ಕಿಂತ ಒಳ್ಳೆಯ ಪ್ರಚಾರ ಬೀಡಿಗೆ ಯಾರು ತಾನೆ ಮಾಡಿಯಾರು?

ಓಬಳೇಶನಿಗೆ ಅನುಮಾನ ಬಂತು. ಒಂದು ದಿನ ಬೇಕೆಂದೇ ಹಸಿ ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ಕರಕರ ಅಗಿದು ಬಂದು ಪಂಡಿತರ ಮುಖಕ್ಕೇ ಊದಿದ. ಅವನ ಹಿಂದೆ ನಿಂತಿದ್ದ ನನಗೇ ಕಣ್ಣು ಉರಿಯಿತು. ಪಂಡಿತರು ಮಾತ್ರ ತಲೆದೂಗಿ, "ಭೇಷ್! ತಾಯಿ ಹಾಲು ಕುಡಿದ ಬಾಯಿ ಇದ್ದಂಗಿದೆ" ಎಂದರು.

ಅವತ್ತು ಹುಣಸೆಮರದ ಹಿಂದೆ ಹಬ್ಬ.

ಆದರೆ ಪಾತಿಯಲ್ಲಿ ಬೀಡಿ ತುಂಡು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೆಡ್‌ಮಾಸ್ತರಿಗೆ ತಾಳ್ಮೆ ತಪ್ಪಿತು. ಒಂದು ಶುಕ್ರವಾರ ಪಂಡಿತರನ್ನು ಪಕ್ಕಕ್ಕೆ ಸರಿಸಿ ತಾವೇ ಸಾಲಿನ ಮುಂದೆ ಬಂದರು. "ಬಾಯಿ ಬೇಡ, ಬಾಯಿಗೆ ಸೀಬೆ ಎಲೆ ಇರತ್ತೆ. ಕೈ ತೋರಿಸಿ. ಇನ್ನು ಬೆತ್ತ ಇಲ್ಲ, ಹೊಗೆಸೊಪ್ಪಿನ ವಾಸನೆ ಬಂದ ಕೈಗೆ ನೇರ ಟಿ.ಸಿ." ಎಂದರು. ಬುದ್ಧಿವಂತರು! ಆದರೆ ಓಬಳೇಶ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದ. ಅವನು ಯಾವತ್ತೂ ಬೀಡಿಯನ್ನು ಬೆರಳಲ್ಲಿ ಹಿಡಿದವನೇ ಅಲ್ಲ. ಸೀಳಿದ ಕಡ್ಡಿಗೆ ಸಿಕ್ಕಿಸಿ ಸೇದುತ್ತಿದ್ದ. ಶಿಷ್ಯರಿಗೂ ಅದನ್ನೇ ಕಲಿಸಿದ್ದ. ಅವನ ಕೈ ಮೂಸಿದ ಹೆಡ್‌ಮಾಸ್ತರು ಮುಂದೆ ಹೋದರು. ಹಾಗೇ ಬಂದು ದಸ್ತಗೀರನ ಕೈ ಹಿಡಿದವರು ಅಲ್ಲೇ ನಿಂತುಬಿಟ್ಟರು. ಇನ್ನೊಂದು ಸಲ ಮೂಸಿದರು.

"ಸಿಕ್ಕಿದೆ!"

"ಇಲ್ಲ ಸಾರ್, ನಾನು ಸೇದಲ್ಲ. ಅಮ್ಮಿ ಮನೇಲಿ ಬೀಡಿ ಕಟ್ತಾರೆ. ನಾನು ಎಲೆ ಕತ್ತರಿಸಿ ಕೊಟ್ಟು ಬರ್ತೀನಿ."

"ಸಿಕ್ಕಿಬಿದ್ದವರೆಲ್ಲ ಹೇಳೋದು ಒಂದೊಂದು ಕತೆ. ನಾನು ಹೇಳಿದ್ದೇನು? ಹೊಗೆಸೊಪ್ಪಿನ ವಾಸನೆ ಬಂದ ಕೈಗೆ ಟಿ.ಸಿ. ಸೋಮವಾರ ನಿಮ್ಮ ತಂದೇನ ಕರ್ಕೊಂಡು ಬಾ."

ದಸ್ತಗೀರ ಅಳಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು. ಚಾಚಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವನಂತೆ ಹಾಗೇ ನಿಂತಿದ್ದ. ಅಲ್ಲಿಯವರೆಗೆ ನಮಗೆಲ್ಲ ತಮಾಷೆಯಾಗಿದ್ದ ಬಾಯಿ ಮೂಸುವ ಪೀರಿಯಡ್ಡು ಆ ಗಳಿಗೆಯಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಪರೀಕ್ಷೆ ಹತ್ತಿರದಲ್ಲಿತ್ತು. ಈಗ ಟಿ.ಸಿ. ಕೊಟ್ಟರೆ ಯಾವ ಸ್ಕೂಲು ಅವನನ್ನು ಸೇರಿಸಿಕೊಳ್ಳುತ್ತದೆ?

ಶನಿವಾರ ಬೆಳಗಿನ ಸ್ಕೂಲು ಮುಗಿಸಿಕೊಂಡು ನಾನು ಮತ್ತು ಓಬಳೇಶ ದಸ್ತಗೀರನ ಮನೆಗೆ ಹೋದೆವು. ಅವನಮ್ಮ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು. ಮೊರದಲ್ಲಿ ಒಂದು ಕಡೆ ಎಲೆ, ಒಂದು ಕಡೆ ಪುಡಿ. ನಮ್ಮ ಜೊತೆ ಮಾತಾಡುತ್ತಲೇ ಅವರ ಬೆರಳು ಎಲೆ ಸುರುಳಿ ಸುತ್ತುತ್ತಿತ್ತು, ತುದಿ ಮಡಚುತ್ತಿತ್ತು, ದಾರ ಬಿಗಿಯುತ್ತಿತ್ತು.

"ಹೆಡ್‌ಮಾಸ್ಟರ್ ಸಾಬ್ ಸುಳ್ಳು ಹೇಳಿಲ್ಲ ಬೇಟಾ" ಎಂದರು. "ವಾಸ್ನೆ ಇದೆ. ರಾತ್ರಿ ನಿಂಬೆಹಣ್ಣು ಹಾಕಿ ತಿಕ್ದೆ, ಬೂದಿ ಹಾಕಿ ತಿಕ್ದೆ, ಸೀಗೆಪುಡಿ ಹಾಕಿ ತಿಕ್ದೆ. ಹೋಗಲ್ಲ ಅದು. ನನ್ನ ಕೈಯಿಂದ ರೊಟ್ಟಿ ತಿಂದು ಇವನ ಹೊಟ್ಟೇಲೂ ಅದೇ ವಾಸ್ನೆ ಇರ್ಬೇಕು. ಇವರಬ್ಬಾ ಬರ್ತಾರೆ ಇವತ್ತು. ಕಲಾಯಿ ಕೆಲ್ಸಕ್ಕೆ ಜೊತೇಲಿ ಕರ್ಕೊಂಡು ಹೋಗ್ತೀನಿ ಅಂತಾರೆ. ಇನ್ನೇನು ಮಾಡೋದು?"

ದಸ್ತಗೀರ ಮೂಲೆಯಲ್ಲಿ ಕೂತು ಬೀಜಗಣಿತದ ಲೆಕ್ಕ ಮಾಡುತ್ತಿದ್ದ. ಟಿ.ಸಿ. ತೆಗೆದುಕೊಳ್ಳುವವನಿಗೆ ಬೀಜಗಣಿತ ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊರಗೆ ಬಂದ ಮೇಲೆ ಓಬಳೇಶ ಬೀಡಿಯನ್ನೂ ಹಚ್ಚದೆ ಗೋಡೆಗೆ ಒರಗಿ ನಿಂತ.

"ಸೇದಿದ್ದು ನಾನು, ಟಿ.ಸಿ. ಅವ್ನಿಗಾ? ಇದೇಂ ನ್ಯಾಯಂರಾ?"

"ನೀನೇ ಹೋಗಿ ಒಪ್ಕೋ."

"ಒಪ್ಕೊಂಡ್ರೆ ನಂಗೂ ಕೊಡ್ತಾರೆ, ಅವ್ನಿಗೂ ಕೊಡ್ತಾರೆ. ನಾನು ಒಪ್ಕೊಂಡ್ರೆ ಅವ್ನ ಕೈ ವಾಸ್ನೆ ಹೋತದಾ?"

ಅದೂ ನಿಜವೇ. ಓಬಳೇಶ ಕೆನ್ನೆ ಕೆರೆದುಕೊಂಡ. ಮೀಸೆ ಎಳೆದುಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಒಳಗೆ ನುಗ್ಗಿದ.

"ಅಮ್ಮಾ, ಜರಡಿ ಹಿಡಿದ ಮೇಲೆ ಉಳೀತದಲ್ಲ, ಆ ಧೂಳು ಇದ್ರೆ ಒಂಚೂರು ಕೊಡ್ತೀರಾ?"

"ಹಾಯ್ ಅಲ್ಲಾ! ಸೇದೋದಕ್ಕಾ?"

"ಸೇದಕ್ಕಲ್ಲಮ್ಮ. ಕೈ ತೊಳೆಯಕ್ಕೆ."

ಸೋಮವಾರ ಗಂಟೆ ಹೊಡೆಯುವ ಮುಂಚೆ ಹುಣಸೆಮರದ ಹಿಂದೆ ಯಾರೂ ಬೀಡಿ ಸೇದಲಿಲ್ಲ. ಓಬಳೇಶ ಪೇಪರಿನ ಪೊಟ್ಟಣ ಬಿಚ್ಚಿಕೊಂಡು ದೇವಸ್ಥಾನದ ಪೂಜಾರಿಯಂತೆ ನಿಂತಿದ್ದ. ಹುಡುಗರು ಸಾಲಾಗಿ ಬಂದು ಚಿಟಿಕೆ ಚಿಟಿಕೆ ತಂಬಾಕಿನ ಧೂಳು ತೆಗೆದುಕೊಂಡು ಅಂಗೈಗೆ ತಿಕ್ಕಿಕೊಂಡರು. ವಿಷಯ ತಿಳಿದು ಹುಡುಗಿಯರೂ ಬಂದರು; ಅವರ ಕೈ ಮೂಸುವವರಿಲ್ಲದಿದ್ದರೂ "ನಮ್ಗೂ ಇರ್ಲಿ" ಎಂದು ತೆಗೆದುಕೊಂಡು ಹೋದರು. ಕೊನೆಗೆ ಬಂದವನನ್ನು ಕಂಡು ಎಲ್ಲರೂ ಪಕ್ಕಕ್ಕೆ ಸರಿದೆವು. ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದ ಹೆಡ್‌ಮಾಸ್ತರ ಮಗ, ದಪ್ಪ ಕನ್ನಡಕದವನು. ಯಾರೊಂದಿಗೂ ಬೆರೆಯದವನು. ಓಬಳೇಶ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಹುಡುಗ ಎರಡೂ ಕೈ ಚಾಚಿದ.

"ನಿಮ್ಮಪ್ಪ ಕೊಂದುಬುಡ್ತಾರೆ ಕಣ್ಲಾ" ಎಂದೆ ನಾನು.

"ದಸ್ತಗೀರ ನನಗೆ ಜ್ಯಾಮಿತಿ ಹೇಳಿಕೊಡ್ತಾನೆ" ಎಂದ ಅವನು. ಅಷ್ಟೇ ಹೇಳಿದ್ದು.

ಪ್ರಾರ್ಥನೆ ಶುರುವಾಯಿತು. ಕೈ ಮುಗಿದು ನಿಲ್ಲಬೇಕಲ್ಲ? ಮುಗಿದ ಕೈ ಎಲ್ಲಿರುತ್ತದೆ? ಮೂಗಿನ ಕೆಳಗೆ. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಹಾಡಿನ ಮೊದಲ ಸಾಲು ಮುಗಿಯುವುದರೊಳಗೆ ಹುಡುಗಿಯರ ಕಡೆಯಿಂದ ಒಂದು ಸೀನು ಬಂತು. ಆಮೇಲೆ ಎಂಟನೇ ಕ್ಲಾಸಿನಿಂದ ಎರಡು. ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು, ನೋಡಿ. ಪ್ರಾರ್ಥನೆಯ ಒಂದೊಂದು ಪದಕ್ಕೂ ಒಂದೊಂದು ಸೀನು ಬಿದ್ದು, ದೇವರಿಗೆ ಏನು ಕೇಳಿಸಿತೋ ಆ ದೇವರಿಗೇ ಗೊತ್ತು. ಮಾಸ್ತರುಗಳು ಸೀನಿದರು. ಗಂಟೆ ಹೊಡೆಯುವ ಜವಾನ ಸೀನಿದ. ಇಡೀ ಮೈದಾನದಲ್ಲಿ ಸೀನದೆ, ಕಣ್ಣು ಮುಚ್ಚಿ, ಗಂಭೀರವಾಗಿ ಪ್ರಾರ್ಥನೆಯನ್ನು ಪೂರ್ತಿ ಹಾಡಿದವರು ಪಂಡಿತರೊಬ್ಬರೇ.

ಹೆಡ್‌ಮಾಸ್ತರು ಕರವಸ್ತ್ರ ಹಿಡಿದು ಸಾಲಿನ ಮುಂದೆ ಬಂದರು. ಮೊದಲನೆಯ ಕೈ ಮೂಸಿದರು, ಸೀನಿದರು. ಎರಡನೆಯದು ಮೂಸಿದರು, ಸೀನಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕಣ್ಣು ಕೆಂಪಗೆ ದಾಸವಾಳವಾಗಿತ್ತು. ಹೀಗೆ ಸೀನುತ್ತಾ ಸೀನುತ್ತಾ ಒಂಬತ್ತನೇ ಕ್ಲಾಸಿನ ಸಾಲಿಗೆ ಹೋಗಿ, ದಪ್ಪ ಕನ್ನಡಕದ ಹುಡುಗನ ಕೈ ಹಿಡಿದರು.

"ನೀನೂನಾ?"

"ಹೂಂ ಸಾರ್" ಎಂದ ಮಗ, ನೆಲ ನೋಡುತ್ತಾ.

"ಯಾರು ಕಲಿಸಿದ್ದು ನಿನಗೆ? ಎಲ್ಲರಿಗೂ ಟಿ.ಸಿ.! ಇಡೀ ಸ್ಕೂಲಿಗೆ ಟಿ.ಸಿ.! ಬಾಗಿಲು ಹಾಕಿ ಬೀಗ..." ಎನ್ನುವಷ್ಟರಲ್ಲಿ ಮತ್ತೆ ಸೀನು ಬಂದು ಮಾತು ನಿಂತಿತು.

ಯಾರೂ ನಗಲಿಲ್ಲ. ಹೆಡ್‌ಮಾಸ್ತರ ಮುಖ ನೋಡಿದರೆ ಅವರು ಹೇಳಿದಂತೆ ಮಾಡಿಬಿಡುವವರಂತಿದ್ದರು. ದಸ್ತಗೀರನ ಅಪ್ಪ ಗೇಟಿನ ಹತ್ತಿರ, ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಆಗ ಪಂಡಿತರು ಜಗಲಿಯಿಂದ ಇಳಿದು ಬಂದರು.

"ಸಾರ್, ಒಂದು ಮಾತು. ಇವರೆಲ್ಲ ಯಾಕೆ ಸೀನ್ತಾ ಇದಾರೆ?"

"ನಿಮಗೆ ವಾಸನೆ ಬರ್ತಾ ಇಲ್ವೇನ್ರೀ? ಹೊಗೆಸೊಪ್ಪಿನ ಘಾಟು!"

"ಇಲ್ಲ" ಎಂದರು ಪಂಡಿತರು. ಆ ಒಂದು ಪದ ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂಬುದು ದೂರದಲ್ಲಿದ್ದ ನಮಗೂ ಕಂಡಿತು. "ನನ್ನ ಮೂಗಿಗೆ ಏನೂ ತಿಳಿಯೋದಿಲ್ಲ ಸಾರ್. ಬಹಳ ವರ್ಷ ಆಯ್ತು. ಹೂವೂ ತಿಳಿಯೋದಿಲ್ಲ, ಹುಳಿಯೂ ತಿಳಿಯೋದಿಲ್ಲ. ನೀವು ಕೆಲಸ ಒಪ್ಪಿಸಿದಾಗ ಹೇಳೋಕೆ ನಾಚಿಕೆಯಾಯ್ತು. ಮುಖ ನೋಡಿ ಹೊಡೀತಾ ಬಂದೆ. ಹೆದರಿದ ಮಕ್ಕಳಿಗೆ ಹೊಡೆದೆ."

ಮೈದಾನದಲ್ಲಿ ಸೀನೂ ನಿಂತಿತ್ತು. ಪಂಡಿತರು ಬಲಗೈಯ ಎರಡು ಬೆರಳನ್ನು ಮುಂದೆ ಚಾಚಿದರು. ನಶ್ಯ ಹಿಡಿದು ಹಿಡಿದು ತುದಿ ಕಂದಾಗಿದ್ದ ಬೆರಳುಗಳು.

"ತಂಬಾಕಿನ ವಾಸನೆ ಬರೋ ಕೈಗೆ ಟಿ.ಸಿ. ಅಂತ ತಾವು ನಿಯಮ ಮಾಡಿದೀರಿ. ಮೂಸಿ ನೋಡಿ ಸಾರ್. ಮೊದಲನೇ ಟಿ.ಸಿ. ನನಗೆ ಬರೀರಿ. ಆಮೇಲೆ ಆ ಕಲಾಯಿಯವರ ಹುಡುಗನಿಗೆ ಬರೆಯೋರಂತೆ."

ಹೆಡ್‌ಮಾಸ್ತರು ಹಿಂದೆ ಸರಿಯಬಹುದಾಗಿತ್ತು. ಸರಿಯಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ನಿಯಮವೆಂದರೆ ನಿಯಮ ಎನ್ನುವ ಮನುಷ್ಯ. ಬಗ್ಗಿ ಪಂಡಿತರ ಬೆರಳನ್ನೂ ಮೂಸಿದರು. ಆವತ್ತಿನ ಅತಿ ದೊಡ್ಡ ಸೀನು ಅದು. ಹೆಡ್‌ಮಾಸ್ತರ ಕನ್ನಡಕ ಹಾರಿ ಪಂಡಿತರ ಕೋಟಿಗೆ ಸಿಕ್ಕಿಕೊಂಡಿತು. ಕನ್ನಡಕ ಹಾಕಿಕೊಂಡು ಅವರು ಮೆಲ್ಲಗೆ ಮಾಸ್ತರುಗಳ ಸಾಲಿನ ಕಡೆ ತಿರುಗಿದರು. ಗಣಿತದ ಮಾಸ್ತರು ಕೈಯನ್ನು ಜೇಬಿಗೆ ಇಳಿಸಿದರು. ಡ್ರಿಲ್ ಮಾಸ್ತರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನಮಗೆ ದಿನಾ ಹೇಳಿಕೊಡುತ್ತಿದ್ದ ಹಾಗೆಯೇ, ಸ್ಟ್ಯಾಂಡ್ ಅಟ್ ಈಸ್ ನಿಂತರು.

"ಅಟೆನ್‌ಷನ್!" ಎಂದು ಕೂಗಿದರು ಹೆಡ್‌ಮಾಸ್ತರು.

ಅಭ್ಯಾಸಬಲ. ಡ್ರಿಲ್ ಮಾಸ್ತರ ಹಿಮ್ಮಡಿ ತಾನಾಗಿ ಕೂಡಿತು, ಕೈಗಳೆರಡೂ ಪಕ್ಕಕ್ಕೆ ಬಂದು ಬಿದ್ದವು. ಎಡಗೈಯಲ್ಲಿ ಆರಿಸಿಟ್ಟುಕೊಂಡಿದ್ದ ಅರ್ಧ ಬೀಡಿ ಕೆಳಗೆ ಉದುರಿತು.

ಮೊದಲು ನಕ್ಕವನು ದಪ್ಪ ಕನ್ನಡಕದ ಹುಡುಗ. ಆಮೇಲೆ ತಡೆಯುವುದು ಯಾರಿಂದಲೂ ಆಗಲಿಲ್ಲ.

ಆವತ್ತು ಯಾರಿಗೂ ಟಿ.ಸಿ. ಬರೆಯಲಿಲ್ಲ. ಹೆಡ್‌ಮಾಸ್ತರು ತಾವೇ ಗೇಟಿನ ತನಕ ಹೋಗಿ ದಸ್ತಗೀರನ ಅಪ್ಪನೊಂದಿಗೆ ಮಾತಾಡಿದರು. ಏನು ಮಾತಾಡಿದರೋ, ಅವರು ಟೋಪಿ ಹಾಕಿಕೊಂಡು ಸಲಾಮು ಮಾಡಿ ಹೋದರು. ಮಧ್ಯಾಹ್ನ ಹೊಸ ನಿಯಮ ಬಂತು. ಬಾಯಿ ಮೂಸುವುದು, ಕೈ ಮೂಸುವುದು ಇನ್ನು ಮೇಲೆ ಇಲ್ಲ. ಆದರೆ ಕಾಂಪೌಂಡಿನೊಳಗೆ ಹುಡುಗರಾಗಲಿ ಮಾಸ್ತರಾಗಲಿ ಗುಮಾಸ್ತರಾಗಲಿ, ಬೀಡಿ, ಸಿಗರೇಟು, ನಶ್ಯ ಯಾವುದನ್ನೂ ಮುಟ್ಟಕೂಡದು. ಮಾಸ್ತರುಗಳಿಗೆ ಬೀಡಿ ತರಲು ಹುಡುಗರನ್ನು ಕಳಿಸಕೂಡದು.

ಅದರ ಪರಿಣಾಮವನ್ನು ನಾನು ಕಣ್ಣಾರೆ ಕಂಡೆ. ಮರುದಿನ ಇಂಟರ್‌ವಲ್ಲಿನಲ್ಲಿ ಓಬಳೇಶನ ಜೊತೆ ಹುಣಸೆಮರದ ಹಿಂದೆ ಹೋದರೆ ಅಲ್ಲಿ ಆಗಲೇ ಗಣಿತದ ಮಾಸ್ತರು ಮತ್ತು ಡ್ರಿಲ್ ಮಾಸ್ತರು ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈ ಮುಚ್ಚಿಕೊಂಡು, ಹೊಗೆ ಕಾಣದ ಹಾಗೆ ಸೇದುತ್ತಿದ್ದಾರೆ! ನಮ್ಮನ್ನು ಕಂಡು ಡ್ರಿಲ್ ಮಾಸ್ತರು ಗಡಬಡಿಸಿ ಎದ್ದರು.

"ಏನ್ಲಾ ಇಲ್ಲಿ?"

"ಹುಣ್ಸೇಕಾಯಿ ಬಿದ್ದವೇನೋ ಅಂತ ಬಂದ್ವಿ ಸಾರ್."

"ನಾವೂ ಅದ್ಕೇ ಬಂದಿರೋದು. ಹೋಗ್ರಲಾ ಕ್ಲಾಸಿಗೆ!"

ಅಲ್ಲಿಗೆ ಹುಣಸೆಮರ ಹುಡುಗರ ಕೈತಪ್ಪಿತು. ಕೆರೆಯ ಏರಿಗೆ ಹೋಗಿ ಸೇದಿ ಬರುವಷ್ಟು ಹೊತ್ತು ಇಂಟರ್‌ವಲ್ಲು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸೇದುವುದರ ಗತ್ತೇ ಹೋಯಿತು. ಬಾಗಿಲಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಸಿಗರೇಟಿನ ಹೊಗೆಯನ್ನು ಉಂಗುರ ಬಿಡುತ್ತಿದ್ದ ಗಣ್ಯರು ಈಗ ಕದ್ದು, ಬೆವತು, ಸೀಬೆ ಎಲೆ ಅಗಿಯುತ್ತಿದ್ದರು. ಅವರನ್ನು ನೋಡಿ ಅವರಂತೆ ಆಗಬೇಕೆಂದು ಯಾವ ಹುಡುಗನಿಗೆ ಅನ್ನಿಸುತ್ತದೆ? ಒಬ್ಬೊಬ್ಬರೇ ಬಿಟ್ಟರು. ಧೈರ್ಯಕ್ಕಾಗಿ ಬೀಡಿ ಹಿಡಿದಿದ್ದ ಸಾಧು ಹುಡುಗನೂ ಬಿಟ್ಟ. ಓಬಳೇಶ ಹಾಸ್ಟೆಲ್ಲಿನ ಹಿಂದೆ ಆಗೊಮ್ಮೆ ಈಗೊಮ್ಮೆ ಸೇದುತ್ತಿದ್ದ. ಒಬ್ಬನೇ ಕೂತು ಸೇದುವುದು ಬೇಜಾರು ಎನ್ನುತ್ತಿದ್ದ. ದಸ್ತಗೀರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಸ್ಕೂಲಿಗೇ ಮೊದಲಿಗನಾದ. ಮುಂದೆ ಬಡವನಹಳ್ಳಿಯ ಕಡೆ ಮೇಷ್ಟ್ರಾಗಿ, ಹುಡುಗರಿಂದ ಒಳ್ಳೆಯ ಹೆಸರು ತೆಗೆದುಕೊಂಡ.

ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವರು ಪಂಡಿತರು. ಕಾಂಪೌಂಡಿನಲ್ಲಿ ನಶ್ಯ ಇಲ್ಲವೆಂದ ಮೇಲೆ ಮನೆಯಲ್ಲೂ ಬೇಡವೆಂದು ಡಬ್ಬಿಯನ್ನೇ ಬಾವಿಗೆ ಎಸೆದರಂತೆ. ಕೆಲವು ವಾರ ಅವರಿಗೆ ತಲೆನೋವು, ಸಿಡುಕು. ಪದ್ಯದ ನಡುವೆ ಬೆರಳು ತಾನಾಗಿ ಕೋಟಿನ ಜೇಬಿಗೆ ಹೋಗಿ ಬರಿದೇ ವಾಪಸು ಬರುತ್ತಿತ್ತು. ಕರವಸ್ತ್ರ ಹಿಡಿದು ದಿನವೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು.

ಪರೀಕ್ಷೆಗೆ ಮುಂಚಿನ ದಿನ ಹಾಲ್ ಟಿಕೆಟ್ ಕೊಡುವುದಕ್ಕೆ ನಮ್ಮನ್ನು ಕರೆದಿದ್ದರು. ಪಂಡಿತರು ಮೇಜಿನ ಹಿಂದೆ ಕೂತು ಒಬ್ಬೊಬ್ಬರ ಹೆಸರು ಕೂಗಿ ಕೊಡುತ್ತಿದ್ದರು. ಓಬಳೇಶ ಬಸ್‌ಸ್ಟ್ಯಾಂಡಿನ ಕಡೆಯಿಂದ ತಡವಾಗಿ ಓಡಿಬಂದ. ಸ್ಕೂಲಿನ ಋಣ ಮುಗಿಯಿತೆಂಬ ಖುಷಿಗೆ ಎರಡು ಬೀಡಿ ಹೆಚ್ಚಿಗೇ ಸೇದಿ ಬಂದಿದ್ದ. ಸೀಬೆ ಎಲೆಯ ಗೊಡವೆಗೂ ಹೋಗಿರಲಿಲ್ಲ. ಪಂಡಿತರೆದುರು ಅದರ ಅಗತ್ಯವೇನು? ಮೇಜಿನ ಮೇಲೆ ಬಗ್ಗಿ, ಏದುಸಿರು ಬಿಡುತ್ತಾ, "ಬಂದೆ ಸಾರ್" ಎಂದ.

ಪಂಡಿತರು ಹಾಲ್ ಟಿಕೆಟ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಅವರ ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಮತ್ತೊಮ್ಮೆ ಅರಳಿತು. ಅವರು ಎದ್ದು ಬಂದು ಓಬಳೇಶನ ಎರಡೂ ಭುಜ ಹಿಡಿದರು. ಎಷ್ಟೋ ದಿನ ಅವರ ಮುಖಕ್ಕೇ ಎದೆ ಸೆಟೆಸಿ ಊದಿದವನ ಮೊಣಕಾಲು ಅವತ್ತು ಮೊದಲ ಸಲ ಗಡಗಡ ನಡುಗಿತು.

"ತಪ್ಪಾಯ್ತು ಸಾರ್... ಒಂದೇ ಒಂದು... ಇನ್ಮೇಲೆ ಮುಟ್ಟಲ್ಲ ಸಾರ್..."

ಪಂಡಿತರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರ ಕಣ್ಣು ತುಂಬಿ ಬಂದಿತ್ತು, ಮುಖವೆಲ್ಲ ನಗು.

"ಬೀಡಿ!" ಎಂದರು. "ಬೀಡಿ ವಾಸನೆ ಕಣೋ ಓಬಳೇಶಾ! ಊದು, ಇನ್ನೊಂದು ಸಲ ಊದಪ್ಪಾ!"